ಹಿರಮ್ ಮ್ಯಾಕ್ಸಿಮ್: ಒದೆತವನ್ನು ದುಡಿಸಿದವನು

ಮಕ್ಕಳೇ, ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕಿನವರಾದ ನಿಮಗೆ ಘಟಪ್ರಭೆ ಹೊಸದಲ್ಲ. ದೋಣಿಯಿಂದ ದಂಡೆಗೆ ಜಿಗಿಯುವವರನ್ನು ನೋಡಿದ್ದೀರಾ? ಅವರು ಮುಂದಕ್ಕೆ ಜಿಗಿದಾಗ ದೋಣಿ ಹಿಂದಕ್ಕೆ ಸರಿಯುತ್ತದೆ. ಪ್ರತಿಯೊಂದು ಕ್ರಿಯೆಗೂ ಅದಕ್ಕೆ ಸಮನಾದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಇರುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ಗುಂಡು ಮುಂದಕ್ಕೆ ಹಾರಿದಾಗ ಬಂದೂಕು ಹೆಗಲಿಗೆ ಒದೆಯುವುದೂ ಹೀಗೆಯೇ. ವ್ಯರ್ಥವಾಗುತ್ತಿದ್ದ ಈ ಒದೆತವನ್ನು ಕೆಲಸಕ್ಕೆ ಹಚ್ಚಿದವನು ಹಿರಮ್ ಮ್ಯಾಕ್ಸಿಮ್.

ಈತ 1840ರ ಫೆಬ್ರವರಿ 5ರಂದು ಅಮೆರಿಕದ ಮೇನ್ ರಾಜ್ಯದಲ್ಲಿ ಹುಟ್ಟಿದ. 14ನೆಯ ವಯಸ್ಸಿನಲ್ಲಿ ಗಾಡಿ ಮಾಡುವವರ ಬಳಿ ಕೆಲಸ ಕಲಿಯಲು ಸೇರಿದ. ಮುಂದೆ ವಿದ್ಯುತ್ ದೀಪಗಳನ್ನು ಸುಧಾರಿಸಲು ಶ್ರಮಿಸಿದ. ಬಳಿಕ ಲಂಡನ್ನಿನಲ್ಲಿ ನೆಲೆಸಿ, 1884ರಲ್ಲಿ ತನ್ನ ಮಷಿನ್ ಗನ್ ಸಿದ್ಧಪಡಿಸಿದ. ಅದಕ್ಕೂ ಮೊದಲಿನ ಗ್ಯಾಟ್ಲಿಂಗ್ ಗನ್ನಿಗೆ ಕೈಯಿಂದ ಹಿಡಿಕೆ ತಿರುಗಿಸಬೇಕಾಗಿತ್ತು. ಮ್ಯಾಕ್ಸಿಮ್‌ನ ಗನ್ನಿನಲ್ಲಿ ಒದೆತವೇ ಖಾಲಿ ತೋಟಾವನ್ನು ಹೊರಹಾಕಿ, ಸ್ಪ್ರಿಂಗನ್ನು ಬಿಗಿಗೊಳಿಸುತ್ತಿತ್ತು. ಆ ಸ್ಪ್ರಿಂಗು ಹೊಸ ತೋಟಾವನ್ನು ಒಳಗೆ ತಳ್ಳುತ್ತಿತ್ತು. ನಿಮಿಷಕ್ಕೆ ಸುಮಾರು 600 ಗುಂಡು! ಕಾದ ನಳಿಕೆಯನ್ನು ತಂಪಾಗಿಡಲು ಅದರ ಸುತ್ತ ನೀರು ತುಂಬಿದ ಕವಚವಿತ್ತು.

ಈ ತತ್ವ ಎಷ್ಟು ಗಟ್ಟಿ ನೋಡಿ! ಇದೇ ಮಾದರಿಯ ವಿಕರ್ಸ್ ಗನ್ 1912ರಿಂದ 1968ರವರೆಗೆ ಬ್ರಿಟಿಷ್ ಸೇನೆಯಲ್ಲಿತ್ತು. ರಷ್ಯಾದ 1910ರ ಮ್ಯಾಕ್ಸಿಮ್ ಗನ್ನು 2022ರಲ್ಲಿ ಆರಂಭವಾದ ಉಕ್ರೇನ್ ಯುದ್ಧದಲ್ಲೂ ಗುಂಡು ಹಾರಿಸಿತು. ವಿಕರ್ಸ್ ಬಳಸುತ್ತಿದ್ದ .303 ಇಂಚಿನ, ಅಂದರೆ ಸುಮಾರು 7.7 ಮಿ.ಮೀ. ಅಳತೆಯ ತೋಟಾವೇ ನಮ್ಮ ಪೊಲೀಸರ ‘ತ್ರೀ ನಾಟ್ ತ್ರೀ’ ಬಂದೂಕಿನದೂ ಆಗಿತ್ತು. ಉತ್ತರ ಪ್ರದೇಶದ ಪೊಲೀಸರು ಆ ಬಂದೂಕನ್ನು ಬೀಳ್ಕೊಟ್ಟದ್ದು 2020ರಲ್ಲಿ.

ಆದರೆ ಈ ಜಾಣ್ಮೆಗೆ ತೆತ್ತ ಬೆಲೆ ದೊಡ್ಡದು. 1916ರ ಜುಲೈ 1ರಂದು ಫ್ರಾನ್ಸಿನ ಸೋಮ್ ರಣಭೂಮಿಯಲ್ಲಿ 19,000ಕ್ಕೂ ಹೆಚ್ಚು ಬ್ರಿಟಿಷ್ ಸೈನಿಕರು ಒಂದೇ ದಿನ ಸತ್ತರು. ಅವರಲ್ಲಿ ಅನೇಕರನ್ನು ಬಲಿ ತೆಗೆದುಕೊಂಡದ್ದು ಮ್ಯಾಕ್ಸಿಮ್ ಮಾದರಿಯ ಜರ್ಮನ್ ಗನ್ನುಗಳು. ಗನ್ನಿನ ಸದ್ದು ಮ್ಯಾಕ್ಸಿಮ್‌ನ ಕಿವಿಗಳನ್ನೂ ಕಿವುಡಾಗಿಸಿತ್ತು. ಶ್ವಾಸನಾಳದ ಕಾಯಿಲೆಯಿಂದ ನರಳುತ್ತಿದ್ದ ಆತ, ಔಷಧದ ಆವಿಯನ್ನು ಒಳಗೆಳೆದುಕೊಳ್ಳುವ ಸಾಧನವೊಂದನ್ನು ತಯಾರಿಸಿದ. ಗನ್ನಿಗಾಗಿ ಹೊಗಳಿದ ಜನರಲ್ಲೇ ಕೆಲವರು ಇದಕ್ಕಾಗಿ ಆತನನ್ನು ತೆಗಳಿದರು! 1916ರ ನವೆಂಬರ್ 24ರಂದು ಮ್ಯಾಕ್ಸಿಮ್ ತೀರಿಕೊಂಡ.

ಮಾಡಿ ನೋಡಿ: ಒಂದು ದಾರವನ್ನು ಸ್ಟ್ರಾ ಒಳಗೆ ತೂರಿಸಿ, ಅದರ ಎರಡೂ ತುದಿಗಳನ್ನು ಬಿಗಿಯಾಗಿ ಕಟ್ಟಿ. ಊದಿದ ಬಲೂನಿನ ಬಾಯಿಯನ್ನು ಬೆರಳಿನಿಂದ ಒತ್ತಿ ಹಿಡಿದು, ಅದನ್ನು ಸ್ಟ್ರಾಗೆ ಅಂಟಿಸಿ. ಈಗ ಬಾಯಿ ಬಿಡಿ. ಗಾಳಿ ಹಿಂದಕ್ಕೆ, ಬಲೂನು ಮುಂದಕ್ಕೆ! ಇಸ್ರೋದ ರಾಕೆಟ್ಟು ಮೇಲೇರುವುದೂ ಇದೇ ನಿಯಮದಿಂದ. ನಿಯಮ ಒಂದೇ, ಅದನ್ನು ಯಾವ ಕೆಲಸಕ್ಕೆ ಹಚ್ಚಬೇಕೆಂಬುದು ನಮ್ಮ ಕೈಯಲ್ಲಿದೆ. ನೀವಾದರೆ ಯಾವುದಕ್ಕೆ ಹಚ್ಚುತ್ತೀರಿ? ತರಗತಿಯಲ್ಲಿ ಚರ್ಚಿಸಿ.