ನಿಲುವಂಗಿ ತೊಟ್ಟ ನಟ

ಪಾತ್ರಕ್ಕೆಂದು ತೊಟ್ಟ ಉಡುಪು ಮನುಷ್ಯನ ಬಾಳನ್ನೇ ತಿರುಗಿಸಬಲ್ಲುದೇ? ಆಂಗ್ಲ ನಟ ಸರ್ ಅಲೆಕ್ ಗಿನ್ನೆಸ್ ಅವರ ಜೀವನವನ್ನು ಅವಲೋಕಿಸಿದಾಗ ಈ ಪ್ರಶ್ನೆ ನಮ್ಮಲ್ಲಿ ಮೂಡುತ್ತದೆ.

1914ರ ಏಪ್ರಿಲ್ 2ರಂದು ಲಂಡನ್ನಿನಲ್ಲಿ ಜನಿಸಿದ ಅವರ ಜನನಪತ್ರದಲ್ಲಿ ತಂದೆಯ ಹೆಸರಿನ ಸ್ಥಳ ಬರಿದಾಗಿತ್ತು. ತನ್ನದೆಂಬ ಕುಲನಾಮದ ಖಚಿತತೆಯಿಲ್ಲದ ಆ ಬಾಲಕ ಮುಂದೆ ಅನ್ಯರ ರೂಪ ಧರಿಸುವುದರಲ್ಲೇ ಕೀರ್ತಿಶಾಲಿಯಾದನು. 1938ರಲ್ಲಿ ಓಲ್ಡ್ ವಿಕ್ ರಂಗಮಂದಿರದಲ್ಲಿ ಹ್ಯಾಮ್ಲೆಟ್ ಆದರು. 1949ರ ಒಂದೇ ಚಲನಚಿತ್ರದಲ್ಲಿ ಎಂಟು ಪಾತ್ರಗಳನ್ನು ನಿರ್ವಹಿಸಿದರು.

1954ರಲ್ಲಿ ತೆರೆಕಂಡ 'ಫಾದರ್ ಬ್ರೌನ್' ಚಿತ್ರಕ್ಕಾಗಿ ಅವರು ಫ್ರಾನ್ಸಿನ ಬರ್ಗಂಡಿ ಪ್ರಾಂತದಲ್ಲಿದ್ದರು. ಒಂದು ಸಂಜೆ ಗುರುಗಳ ನಿಲುವಂಗಿಯಲ್ಲೇ ಬಿಡಾರಕ್ಕೆ ಮರಳುತ್ತಿದ್ದಾಗ, ಅಪರಿಚಿತ ಬಾಲಕನೊಬ್ಬನು ಓಡಿಬಂದು ಅವರ ಕೈ ಹಿಡಿದು, ಹರಟುತ್ತಾ ಜೊತೆಗೆ ನಡೆದನು. ತಾನು ಹಿಡಿದದ್ದು ನಟನ ಕೈಯೆಂಬುದು ಅವನಿಗೆ ತಿಳಿದಿರಲಿಲ್ಲ. ಗಿನ್ನೆಸ್ ಮಾತ್ರ ಮೌನವಾಗಿ ಚಿಂತಿಸಿದರು: ಮಗುವಿನಲ್ಲಿ ಇಂತಹ ನಿರ್ಭಯವನ್ನು ತುಂಬಬಲ್ಲ ಧರ್ಮಸಭೆ ತಾವು ಶಂಕಿಸಿದಂತೆ ಕಪಟದ್ದಾಗಿರಲಾರದು.

ಅವರ ಏಕೈಕ ಪುತ್ರನು ಪೋಲಿಯೊ ಪೀಡಿತನಾದಾಗ, ಅವರು ಕಥೋಲಿಕ ದೇವಾಲಯವೊಂದನ್ನು ಹೊಕ್ಕು ಮೌನವಾಗಿ ಕುಳಿತುಕೊಳ್ಳುತ್ತಿದ್ದರು. ಮಗ ಗುಣಹೊಂದಿದರೆ, ಅವನು ಕಥೋಲಿಕನಾಗಬಯಸಿದಲ್ಲಿ ಅಡ್ಡಿಪಡಿಸುವುದಿಲ್ಲವೆಂದು ದೇವರಿಗೆ ಮಾತುಕೊಟ್ಟರು. ಮಗ ಗುಣಹೊಂದಿದನು, ಯೇಸುಸಭೆಯವರ ಶಾಲೆಯಲ್ಲಿ ಓದಿ ಕಥೋಲಿಕನೂ ಆದನು. 1956ರಲ್ಲಿ ತಂದೆಯೂ ಧರ್ಮಸಭೆಯನ್ನು ಸೇರಿದರು. ಮರುವರ್ಷ ಪತ್ನಿ ಮೆರುಲಾ ಅವರೂ ಅದೇ ಹಾದಿ ಹಿಡಿದರು.

'ಬ್ರಿಡ್ಜ್ ಆನ್ ದ ರಿವರ್ ಕ್ವಾಯ್' ಚಿತ್ರದ ಸೇನಾಧಿಕಾರಿಯ ಪಾತ್ರಕ್ಕೆ ಆಸ್ಕರ್ ಪ್ರಶಸ್ತಿ ದೊರೆಯಿತು. 1977ರ 'ಸ್ಟಾರ್ ವಾರ್ಸ್' ಅವರನ್ನು ಮಕ್ಕಳಿಗೂ ಪರಿಚಯಿಸಿತು. 1979ರಲ್ಲಿ ಬಿಬಿಸಿ ದೂರದರ್ಶನ ಧಾರಾವಾಹಿಯಲ್ಲಿ ಗೂಢಚಾರ ಸ್ಮೈಲಿಯಾಗಿ ಮನೆಮಾತಾದರು. ಬೆಂಗಳೂರಿನಲ್ಲೂ ಅದರ ಸುತ್ತಮುತ್ತಲೂ ಚಿತ್ರೀಕರಣಗೊಂಡು 1984ರಲ್ಲಿ ತೆರೆಕಂಡ 'ಎ ಪ್ಯಾಸೇಜ್ ಟು ಇಂಡಿಯಾ'ದಲ್ಲಿ ಪ್ರೊಫೆಸರ್ ಗೋಡಬೋಲೆಯಾದರು. 2000ದ ಆಗಸ್ಟ್ 5ರಂದು ನಿಧನರಾದರು. ಎರಡು ತಿಂಗಳ ಬಳಿಕ ಪತ್ನಿಯೂ ಅವರನ್ನು ಹಿಂಬಾಲಿಸಿದರು.

ಆ ಬಾಲಕನು ನಂಬಿದ್ದು ನಟನನ್ನಲ್ಲ. ಆ ಊರಿನ ಗುರುಗಳು ತಮ್ಮ ನಡತೆಯಿಂದ ಗಳಿಸಿಟ್ಟ ನಿಲುವಂಗಿಯ ಗೌರವವನ್ನು. ಅಂತಹ ನಂಬಿಕೆಗೆ ಅನೇಕ ಕಡೆ ಪೆಟ್ಟುಬಿದ್ದಿರುವ ಈ ದಿನಗಳಲ್ಲಿ ಅದರ ಬೆಲೆ ನಮಗೆ ಮತ್ತಷ್ಟು ಅರಿವಾಗುತ್ತದೆ. ಗುರುಗಳು ಮಾತ್ರವಲ್ಲ, ಕೊರಳಲ್ಲಿ ಶಿಲುಬೆ ಧರಿಸಿದ ನಾವೆಲ್ಲರೂ ಕೇಳಿಕೊಳ್ಳೋಣ: ಅಪರಿಚಿತ ಮಗುವೊಂದು ನಿರ್ಭಯವಾಗಿ ನಮ್ಮ ಕೈ ಹಿಡಿದೀತೇ?