ಕಟ್ಟಮಂಚಿ ರಾಮಲಿಂಗಾರೆಡ್ಡಿಯವರು

ಹಿಂದೂಪುರದಲ್ಲಿಯೂ ಕಲ್ಯಾಣದುರ್ಗದಲ್ಲಿಯೂ ಪದವಿ ಓದುವ ನಮ್ಮ ಅಣ್ಣಂದಿರು, ಅಕ್ಕಂದಿರು ಅನಂತಪುರದ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾನಿಲಯದ ಹೆಸರನ್ನು ಆಗಾಗ ಹೇಳುತ್ತಿರುತ್ತಾರೆ. ಅಲ್ಲಿಗೆ ಹೊಸ ಉಪಕುಲಪತಿ ಬಂದರೆ ಸಾಕು, ಅವರು ಯಾವ ಮಂತ್ರಿಯ ಕಡೆಯವರು ಎಂಬ ಮಾತು ಬಸ್ ನಿಲ್ದಾಣದ ಟೀ ಅಂಗಡಿಯವರೆಗೂ ಬರುತ್ತದೆ. ಈ ಮಾತು ಇಂದಿನದಲ್ಲ. ಆಂಧ್ರ ವಿಶ್ವವಿದ್ಯಾನಿಲಯದ ಮೊದಲ ಉಪಕುಲಪತಿಗಳ ಜೀವನದಲ್ಲಿಯೇ ಇದರ ಕಥೆ ಇದೆ.

ರಾಮಲಿಂಗಾರೆಡ್ಡಿಯವರು 1880ರ ಡಿಸೆಂಬರ್ 10ರಂದು ಚಿತ್ತೂರಿನ ಬಳಿಯ ಕಟ್ಟಮಂಚಿಯಲ್ಲಿ ಜನಿಸಿದರು. ಮದ್ರಾಸಿನಲ್ಲಿ ಓದುತ್ತಿದ್ದಾಗಲೇ ತೆಲುಗಿನಲ್ಲಿ 'ಮುಸಲಮ್ಮ ಮರಣಮು' ಎಂಬ ಕಾವ್ಯ ಬರೆದರು. ಬುಕ್ಕರಾಯಸಮುದ್ರದ ಕೆರೆಯ ಕಟ್ಟೆ ನಿಲ್ಲಲೆಂದು ಪ್ರಾಣ ಕೊಟ್ಟ ಸೊಸೆಯ ಕಥೆ ಅದು. ಆ ಕೆರೆ ನಮ್ಮ ಅನಂತಪುರದ ಪಕ್ಕದಲ್ಲಿಯೇ ಇದೆ. ಮುಂದೆ ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ಓದಿ, ಬರೋಡದಲ್ಲಿ ಕೆಲಕಾಲವಿದ್ದು, ಮೈಸೂರಿನ ಮಹಾರಾಜಾ ಕಾಲೇಜಿಗೆ ಪ್ರಾಧ್ಯಾಪಕರಾಗಿ ಬಂದರು. 1916ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯದ ರೂಪರೇಷೆಯಲ್ಲಿ ಅವರ ಶ್ರಮವೂ ಸೇರಿತ್ತು. ಆಮೇಲೆ ಆ ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಗಳೂ ಆದರು. ಕನ್ನಡಿಗರಾದ ನಾವು ಅವರನ್ನು ನೆನೆಯಲು ಇಷ್ಟೇ ಸಾಕಾಗಿತ್ತು.

1921ರಲ್ಲಿ ಮೈಸೂರಿನ ಕೆಲಸ ಬಿಟ್ಟು ರಾಜಕೀಯಕ್ಕಿಳಿದರು. ಮದ್ರಾಸಿನಲ್ಲಿ ಆಗ ಜಸ್ಟಿಸ್ ಪಕ್ಷದ ಸರ್ಕಾರ, ಪಾನಗಲ್ ರಾಜರು ಮುಖ್ಯಮಂತ್ರಿ. ರೆಡ್ಡಿಯವರು ಮೊದಲು ಅದೇ ಪಕ್ಷದಲ್ಲಿದ್ದು, ಆಮೇಲೆ ಸಿಡಿದೆದ್ದರು. 1923ರ ನವೆಂಬರಿನಲ್ಲಿ ಆ ಮಂತ್ರಿಮಂಡಲದ ಮೇಲೆ ಅವಿಶ್ವಾಸ ನಿರ್ಣಯ ತಂದು ಸೋತರು. ಆದರೆ ಇದರ ಮುಂದಿನದು ವಿಚಿತ್ರ. 1926ರಲ್ಲಿ ಅದೇ ಮಂತ್ರಿಮಂಡಲದ ಕಾಲದಲ್ಲಿ ಆಂಧ್ರ ವಿಶ್ವವಿದ್ಯಾನಿಲಯ ಹುಟ್ಟಿತು. ಮೊದಲ ಉಪಕುಲಪತಿಗಳಾದವರು ಇದೇ ರೆಡ್ಡಿಯವರು! ವಿರೋಧಿಯನ್ನು ಸಭೆಯಿಂದ ದೂರವಿಡುವ ಉಪಾಯವೋ, ವಿದ್ವಾಂಸರೆಂಬ ಗೌರವವೋ? ಎರಡೂ ಇದ್ದಿರಬಹುದೆಂದು ನಮಗೆ ತೋರುತ್ತದೆ. ಆ ಕೆಲಸಕ್ಕೆ ಅವರಿಗಿಂತ ಯೋಗ್ಯರು ಸಿಗುವುದೂ ಕಷ್ಟವಿತ್ತು.

ವಿಶ್ವವಿದ್ಯಾನಿಲಯ ಎಲ್ಲಿರಬೇಕೆಂಬುದೇ ದೊಡ್ಡ ಜಗಳವಾಯಿತು. ಮೊದಲು ಬೆಜವಾಡ, ಕೊನೆಗೆ ವಾಲ್ತೇರು. ಅನಂತಪುರಕ್ಕೆ ಕೊಡಿ ಎಂದು ನಮ್ಮ ದತ್ತಮಂಡಲದವರು ಕೇಳಿದ್ದು ನಡೆಯಲಿಲ್ಲ. ಇಲ್ಲಿನವರು ಮುನಿದು ಮದ್ರಾಸ್ ವಿಶ್ವವಿದ್ಯಾನಿಲಯವೇ ಮೇಲೆಂದರು. ಈ ವಿಷಯದಲ್ಲಿ ನಮ್ಮ ಸೀಮೆಯವರೇ ಆದ ರೆಡ್ಡಿಯವರ ಮೇಲೆ ನಮಗೆ ಇಂದಿಗೂ ಸ್ವಲ್ಪ ಅಸಮಾಧಾನವಿದೆ.

1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಸರ್ಕಾರ ಸತ್ಯಾಗ್ರಹಿಗಳನ್ನು ಹೊಡೆದು ಸೆರೆಗೆ ತಳ್ಳಿತು. ರೆಡ್ಡಿಯವರು ಈ ದಬ್ಬಾಳಿಕೆಯನ್ನು ಪ್ರತಿಭಟಿಸಿ ಉಪಕುಲಪತಿ ಪದವಿಗೆ ರಾಜೀನಾಮೆ ಕೊಟ್ಟರು. ಯಾರೂ ಅವರನ್ನು ಬಿಡೆಂದು ಹೇಳಿರಲಿಲ್ಲ. ಸಂಬಳ, ಬಂಗಲೆ, ಗೌರವ ಎಲ್ಲವೂ ಇದ್ದವು. ಸರ್ಕಾರದಿಂದ ಬಂದ ಹುದ್ದೆಯಲ್ಲಿದ್ದುಕೊಂಡೇ ಸರ್ಕಾರಕ್ಕೆ ತಪ್ಪು ಎಂದು ಹೇಳುವುದು ಎಷ್ಟು ಜನಕ್ಕೆ ಸಾಧ್ಯ?

ಅವರ ನಂತರ ಡಾ. ರಾಧಾಕೃಷ್ಣನ್ ಬಂದರು. ಅನಂತಪುರದ ಕಾಲೇಜಿನಲ್ಲಿ ಕೆಲಕಾಲ ಪಾಠ ಹೇಳಿದವರು ಅವರು. 1936ರಲ್ಲಿ ರೆಡ್ಡಿಯವರು ಮತ್ತೆ ಉಪಕುಲಪತಿಗಳಾದರು. ಈ ಸಲ ಚುನಾಯಿತರಾಗಿ. 1949ರವರೆಗೆ ಹದಿಮೂರು ವರ್ಷ ಅವರೇ. ಜಯಪುರದ ಮಹಾರಾಜ ವಿಕ್ರಮದೇವ ವರ್ಮರು ವರ್ಷಕ್ಕೆ ಲಕ್ಷ ರೂಪಾಯಿಯಂತೆ ಕೊಟ್ಟ ಹಣದಿಂದ ವಿಜ್ಞಾನದ ಕಾಲೇಜು ಬೆಳೆಯಿತು. ಯುದ್ಧಕಾಲದಲ್ಲಿ ವಾಲ್ತೇರಿನ ಕಟ್ಟಡಗಳು ಸೈನ್ಯಕ್ಕೆ ಹೋದಾಗ ವಿಶ್ವವಿದ್ಯಾನಿಲಯವನ್ನು ಗುಂಟೂರಿಗೆ ಸಾಗಿಸಿ ನಡೆಸಿದರು. 1942ರಲ್ಲಿ ಬ್ರಿಟಿಷರು ಕೊಟ್ಟ 'ಸರ್' ಬಿರುದನ್ನು ಸ್ವೀಕರಿಸಿದರು. 1930ರ ರೆಡ್ಡಿಯವರನ್ನು ಮೆಚ್ಚಿದ ನಮಗೆ ಇದೊಂದು ಅರಗುವುದಿಲ್ಲ.

ಅವಿವಾಹಿತರಾಗಿಯೇ ಉಳಿದ ಅವರು ಕೊನೆಗೆ ಮತ್ತೆ ಮೈಸೂರಿಗೆ ಬಂದರು, ವಿಶ್ವವಿದ್ಯಾನಿಲಯದ ಪ್ರೊ-ಛಾನ್ಸಲರ್ ಆಗಿ. 1951ರ ಫೆಬ್ರವರಿ 24ರಂದು ತೀರಿಕೊಂಡರು.

ಈಗ ಆಂಧ್ರಪ್ರದೇಶದಲ್ಲಿ ಉಪಕುಲಪತಿಗಳನ್ನು ಆರಿಸಲು ಸಮಿತಿಯೊಂದು ಮೂರು ಹೆಸರು ಸೂಚಿಸುತ್ತದೆ, ಅದರಲ್ಲೊಬ್ಬರ ನೇಮಕವಾಗುತ್ತದೆ. ಅನಂತಪುರಕ್ಕೊಂದು ವಿಶ್ವವಿದ್ಯಾನಿಲಯ ಕೇಂದ್ರ ಬೇಕೆಂದು 1937ರ ಶ್ರೀಬಾಗ್ ಒಪ್ಪಂದದಲ್ಲಿಯೇ ಬರೆದಿದ್ದರು. ಅದು ಬಂದದ್ದು 1968ರಲ್ಲಿ, ತಿರುಪತಿಯ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ. 1981ರಲ್ಲಿ ಅದೇ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾನಿಲಯವಾಯಿತು.