ಸಮುದ್ರ ಕಾಣದೆ ಬೆಳೆದ ರೇಚೆಲ್ ಕಾರ್ಸನ್

ರೇಚೆಲ್ ಕಾರ್ಸನ್ 1907ರ ಮೇ 27ರಂದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಸ್ಪ್ರಿಂಗ್‌ಡೇಲ್‌ನಲ್ಲಿ ಹುಟ್ಟಿದರು. ಊರು ಅಲೆಘೆನಿ ನದಿಯ ದಡದಲ್ಲಿದೆ. ಕಡಲು ಅಲ್ಲಿಂದ ಬಹಳ ದೂರ. ಪುಸ್ತಕಗಳಲ್ಲಷ್ಟೇ ಓದಿದ್ದ ಕಡಲನ್ನು ಅವರು ಮೊದಲು ಕಂಡದ್ದು 1929ರಲ್ಲಿ, ವುಡ್ಸ್ ಹೋಲ್‌ನ ಸಾಗರ ಜೀವವಿಜ್ಞಾನ ಪ್ರಯೋಗಾಲಯಕ್ಕೆ ಹೋದಾಗ.

ಬೋಧನಾಭ್ಯಾಸದಲ್ಲಿ ಜಲಮಾಲಿನ್ಯದ ಪಾಠಕ್ಕೆ ನಾನು ಇವರ ಜೀವನವನ್ನು ಆರಿಸಿಕೊಳ್ಳಲು ಇದೇ ಕಾರಣ. ಬೆಳ್ತಂಗಡಿಯ ಘಟ್ಟದ ಬುಡದ ಮಕ್ಕಳಿಗೂ ಕಡಲು ದೂರವೇ. ಆದರೆ ಬಂಟ್ವಾಳ ದಾಟಿ ಹೋಗುವ ನೇತ್ರಾವತಿಯೂ, ವೇಣೂರು, ಮೂಡುಬಿದಿರೆ ಕಡೆಯ ನೀರನ್ನು ಕೂಡಿಸಿಕೊಂಡು ಬರುವ ಫಲ್ಗುಣಿಯೂ ಮಂಗಳೂರಿನಲ್ಲಿ ಒಂದೇ ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ಅಡಿಕೆ ತೋಟಕ್ಕೆ ಮದ್ದು ಬಿಟ್ಟ ಡ್ರಮ್ಮನ್ನು ತೋಡಿನಲ್ಲಿ ತೊಳೆದರೆ ಆ ನೀರು ಹೋಗುವುದೂ ಅಲ್ಲಿಗೇ.

ರೇಚೆಲ್ ಕಾಲೇಜಿಗೆ ಸೇರಿದ್ದು ಸಾಹಿತ್ಯ ಓದಲು. ನಡುವೆ ಜೀವಶಾಸ್ತ್ರಕ್ಕೆ ಬದಲಾದರು. 1932ರಲ್ಲಿ ಪ್ರಾಣಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಹಣವಿಲ್ಲದೆ ಪಿಎಚ್.ಡಿ. ನಿಂತಿತು. 1935ರಲ್ಲಿ ತಂದೆ, 1937ರಲ್ಲಿ ಅಕ್ಕ ತೀರಿಕೊಂಡರು. ತಾಯಿಯ ಜತೆಗೆ ಅಕ್ಕನ ಇಬ್ಬರು ಹೆಣ್ಣುಮಕ್ಕಳ ಹೊಣೆಯೂ ಬಂತು. ಸಂಸಾರ ನಡೆಸಲು ಸರ್ಕಾರದ ಮೀನುಗಾರಿಕೆ ಇಲಾಖೆಗಾಗಿ ಜಲಜೀವಿಗಳ ಬಗ್ಗೆ ಏಳೇಳು ನಿಮಿಷದ 52 ರೇಡಿಯೊ ಕಾರ್ಯಕ್ರಮ ಬರೆದರು. 40 ನಿಮಿಷದ ಪಿರಿಯಡ್ ಸಾಲದೆನ್ನುವ ನಮಗೆ ಆ ಏಳು ನಿಮಿಷ ಅಚ್ಚರಿಯೇ. 1936ರಲ್ಲಿ ಅದೇ ಇಲಾಖೆಯಲ್ಲಿ ಕೆಲಸ ಸಿಕ್ಕಿತು. 1951ರಲ್ಲಿ ಬಂದ ಸಮುದ್ರದ ಕುರಿತ ಪುಸ್ತಕ ಅವರನ್ನು ಪ್ರಸಿದ್ಧರನ್ನಾಗಿಸಿತು. ಅದರ 1961ರ ಆವೃತ್ತಿಯ ಮುನ್ನುಡಿಯಲ್ಲಿ, ಅಣು ತ್ಯಾಜ್ಯವನ್ನು ಸಮುದ್ರಕ್ಕೆ ಸುರಿಯುವುದರ ವಿರುದ್ಧ ಎಚ್ಚರಿಸಿದರು.

1962ರ 'ಸೈಲೆಂಟ್ ಸ್ಪ್ರಿಂಗ್' ಕೀಟನಾಶಕಗಳ ಪುಸ್ತಕ. ಇದರಲ್ಲೂ ನೀರೇ ಮುಖ್ಯವೆಂದು ನನ್ನ ಎಣಿಕೆ. ಕೆನಡಾದ ಮಿರಮಿಚಿ ನದಿಗೆ ಅಟ್ಲಾಂಟಿಕ್ ಸಾಗರದಿಂದ ಸಾಲ್ಮನ್ ಮೀನುಗಳು ಮೊಟ್ಟೆಯಿಡಲು ಬರುತ್ತವೆ. 1954ರಲ್ಲಿ ಅಲ್ಲಿನ ಕಾಡಿನ ಹುಳಗಳಿಗೆಂದು ವಿಮಾನದಿಂದ ಡಿಡಿಟಿ ಸಿಂಪಡಿಸಿದರು. ಆ ವರ್ಷದ ಮೀನುಮರಿಗಳು ಬಹುತೇಕ ಸತ್ತವು. ಕ್ಯಾಲಿಫೋರ್ನಿಯಾದ ಕ್ಲಿಯರ್ ಸರೋವರದ್ದು ಕರಿಹಲಗೆಯಲ್ಲಿ ಬರೆಯಲೇಬೇಕಾದ ಲೆಕ್ಕ. ಡಿಡಿಟಿಯ ಸಂಬಂಧಿಯಾದ ಡಿಡಿಡಿ ನೀರಿನಲ್ಲಿ ಇದ್ದದ್ದು ಹತ್ತು ಲಕ್ಷ ಭಾಗಕ್ಕೆ ಬರೀ 0.02 ಭಾಗ, ಪ್ಲವಕಗಳಲ್ಲಿ 5, ಮೀನು ತಿನ್ನುವ ಗ್ರೀಬ್ ಹಕ್ಕಿಗಳ ಕೊಬ್ಬಿನಲ್ಲಿ 1600. ಆಹಾರ ಸರಪಳಿಯನ್ನು ಬಾಣದ ಗುರುತಿನಲ್ಲಿ ತೋರಿಸುವುದಕ್ಕಿಂತ ಈ ಮೂರು ಅಂಕಿಗಳು ಬೇಗ ಅರ್ಥವಾಗುತ್ತವೆ.

ಎಲ್ಲ ಕೀಟನಾಶಕ ಬೇಡವೆಂದು ಅವರು ಹೇಳಲಿಲ್ಲ. ಕಣ್ಣುಮುಚ್ಚಿ ಸುರಿಯಬೇಡಿ, ಹುಳಗಳ ಸಹಜ ಶತ್ರುಗಳನ್ನು ಬಳಸಿ ಎಂದರು. ರಾಸಾಯನಿಕ ಕಂಪನಿಗಳು ಅವರ ಮೇಲೆ ಮುಗಿಬಿದ್ದವು. ಆಗ ಅವರಿಗೆ ಸ್ತನ ಕ್ಯಾನ್ಸರ್ ಇತ್ತು. ಅದನ್ನು ಹೊರಗೆ ತೋರಗೊಡದೆ 1963ರ ಜೂನ್‌ನಲ್ಲಿ ಸೆನೆಟ್ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. 1964ರ ಏಪ್ರಿಲ್ 14ರಂದು, 56ನೇ ವಯಸ್ಸಿನಲ್ಲಿ ತೀರಿಕೊಂಡರು. ಅಮೆರಿಕ ಡಿಡಿಟಿಯನ್ನು ನಿಷೇಧಿಸಿದ್ದು 1972ರಲ್ಲಿ.

ಗೇರು ತೋಟಗಳಿಗೆ ಆಕಾಶದಿಂದ ಸಿಂಪಡಿಸಿದ ಎಂಡೋಸಲ್ಫಾನ್ ಕಾಸರಗೋಡನ್ನೂ ನಮ್ಮ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆಗಳನ್ನೂ ಕಾಡಿತು. ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ, ರೇಚೆಲ್ ಪುಸ್ತಕ ಬಂದು 49 ವರ್ಷಗಳ ಮೇಲೆ. ಆ ಕಡೆಯ ಶಾಲೆಗಳಲ್ಲಿ ಈ ಪಾಠ ಮಾಡುವವರು, ತರಗತಿಯಲ್ಲಿ ಅಂಥ ಮನೆಯಿಂದ ಬಂದ ಮಗು ಇದೆಯೇ ಎಂದು ಶಾಲೆಯ ಶಿಕ್ಷಕರನ್ನು ಮೊದಲೇ ಕೇಳಿಕೊಂಡು ಒಳಗೆ ಹೋಗುವುದು ಒಳ್ಳೆಯದು.